ತಾಳ ತಡೆದ ಕೈ

ನಮ್ಮ ಉತ್ತರ ಕರ್ನಾಟಕದ ಊರುಗಳಲ್ಲಿ ಅಮಾವಾಸ್ಯೆಯ ರಾತ್ರಿ ಗುಡಿಯ ಕಟ್ಟೆಗೆ ಜಮಖಾನ ಬಿತ್ತೆಂದರೆ ಭಜನೆಗೆ ಕರೆ ಹೋದಂತೆಯೇ. ಹೊಲದಿಂದ ಬಂದವರು ಕೈಕಾಲು ತೊಳೆದು ಕೂಡುತ್ತಾರೆ. ಒಂದು ಹಾರ್ಮೋನಿಯಂ, ತಬಲಾ, ಏಕತಾರಿ, ದಮ್ಮಡಿ, ನಾಲ್ಕೈದು ಜೋಡಿ ತಾಳ. ಒಬ್ಬರು ತತ್ವಪದ ಎತ್ತುತ್ತಾರೆ, ಉಳಿದವರು ಹಿಂದೆ ಹೇಳುತ್ತಾರೆ.

ಅಂಥದೊಂದು ರಾತ್ರಿ ಮೊದಲ ಸಲ ನನ್ನ ಕೈಗೆ ತಾಳ ಬಂತು. ಕಂಚಿನ ನಾದಕ್ಕೆ ಮೈಮರೆತು ಬಾರಿಸುತ್ತಿದ್ದೆ. ಲಯ ತಪ್ಪಿರಲಿಲ್ಲ. ಆದರೂ ಪಕ್ಕದ ಹಿರಿಯರು ಮೆಲ್ಲಗೆ ನನ್ನ ಕೈ ತಡೆದು, ತಮ್ಮ ಕೈ ನೋಡೆಂದು ಸನ್ನೆ ಮಾಡಿದರು. ಹಾಡುವವರು ನುಡಿ ಹೇಳುವಾಗ ಅವರು ಎರಡೂ ತಾಳಗಳನ್ನು ಕೂಡಿಸಿ ಹಾಗೇ ಒತ್ತಿ ಹಿಡಿಯುತ್ತಿದ್ದರು. ನಾದ ಅಲ್ಲೇ ಅಡಗುತ್ತಿತ್ತು. ಪಲ್ಲವಿಗೆ ಎಲ್ಲರೂ ದನಿಗೂಡಿಸಿದಾಗ ಅಂಚಿಗೆ ಅಂಚು ತಾಗಿಸಿ ಬಿಡುತ್ತಿದ್ದರು. ನಾದ ಕಟ್ಟೆ ದಾಟಿ ಹೋಗುತ್ತಿತ್ತು. ಪದ ಮುಗಿದ ಮೇಲೆ, ‘ನುಡಿ ಕೇಳಬೇಕಲ್ಲ’ ಎಂದರು, ಅಷ್ಟೇ.

ಆ ಮಾತು ನನ್ನೊಳಗೆ ಬಹಳ ದಿನ ಉಳಿಯಿತು. ತನಗೆ ತಾಳದ ಲೆಕ್ಕ ತಿಳಿಯದು, ಒಲಿದಂತೆ ಹಾಡುತ್ತೇನೆ ಎಂಬರ್ಥದ ವಚನ 12ನೇ ಶತಮಾನದ ಬಸವಣ್ಣನವರದು. ಹಾಗೆ ಹಾಡಿದರೆ ದೇವರಿಗೇನೂ ಕೇಡಿಲ್ಲ ಎಂಬುದೇ ಆ ವಚನದ ಧೈರ್ಯ. ಹಾಗಾದರೆ ಭಜನೆಗೇಕೆ ಇಷ್ಟು ಕಟ್ಟುಪಾಡು? ಯೋಚಿಸಿದಷ್ಟೂ ಒಂದು ಉತ್ತರ ಗಟ್ಟಿಯಾಗುತ್ತದೆ. ದೇವರಿಗೆ ಕೇಡಿಲ್ಲ, ನಿಜ. ಪಕ್ಕದಲ್ಲಿ ಕೂತವರಿಗೆ ಇದೆ. ನನ್ನ ಒಲವು ಅವರ ನುಡಿಯನ್ನು ನುಂಗಬಾರದು. ತತ್ವಪದವೋ ಒಗಟಿನ ಹಾಗೆ ಬಿಚ್ಚಿಕೊಳ್ಳುವಂಥದು. ಒಂದು ಮಾತು ಕೇಳದೆ ಹೋದರೂ ಅರ್ಥದ ಎಳೆ ಕಡಿಯುತ್ತದೆ.

ಮೇಳದ ಉಳಿದ ರೀತಿಗಳೂ ಇಲ್ಲಿಂದಲೇ ಹುಟ್ಟಿದವು ಅನಿಸುತ್ತದೆ. ಹಾರ್ಮೋನಿಯಂನವರು ಸ್ವರ ಹಿಡಿಯುವುದು ಹಾಡುವವರ ಗಂಟಲು ನೋಡಿ. ಹೊಸ ಹುಡುಗಿ ಹೆದರುತ್ತಾ ಪದ ಎತ್ತಿದರೆ ತಬಲಾದ ಉರುಳಿಕೆ ತಾನಾಗಿ ತಗ್ಗುತ್ತದೆ. ಸಾಲು ಮರೆತವರಿಗೆ ಯಾರೋ ಹಿಂದಿನಿಂದ ಮೊದಲ ಎರಡು ಮಾತು ಪಿಸುಗುಟ್ಟುತ್ತಾರೆ. ಪೂರ್ತಿ ಸಾಲನ್ನು ತಾವೇ ಹಾಡಿ ಕಸಿದುಕೊಳ್ಳುವುದಿಲ್ಲ. ಒಬ್ಬರ ಪದ ಮುಗಿದ ಕೂಡಲೇ ಇನ್ನೊಬ್ಬರು ಶುರು ಮಾಡುವುದಿಲ್ಲ. ಕೇಳಿದ್ದು ಒಳಗಿಳಿಯಲು ಒಂದು ಉಸಿರಿನಷ್ಟು ಹೊತ್ತು ಬಿಡುತ್ತಾರೆ. ಇದನ್ನೆಲ್ಲ ಯಾರೂ ಬರೆದಿಟ್ಟಿಲ್ಲ. ಕೂತು ಕೂತು ಮೈಗೆ ಬರುತ್ತದೆ.

ಇದು ಬರಿಯ ಸೌಜನ್ಯವಾಗಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. ಆ ಪದಗಳು ಹೇಳುವುದೂ ‘ನಾನು’ ಎಂಬುದನ್ನು ಇಳಿಸುವ ಮಾತನ್ನೇ. ಶಿಶುನಾಳ ಶರೀಫರು (1819–1889) ಗುರು ಗೋವಿಂದ ಭಟ್ಟರ ಪಾದದ ಬಳಿ ಕೂತು ಕಲಿತವರು. ಪದ ಕಟ್ಟಿದವರು ತಾವಾದರೂ ಕೊನೆಗೆ ಅಂಕಿತವಾಗಿ ಇಟ್ಟದ್ದು ಶಿಶುನಾಳಾಧೀಶನ ಹೆಸರು. ಪದ ಕಟ್ಟಿದವರೇ ಪಕ್ಕಕ್ಕೆ ಸರಿದು ನಿಂತಿರುವಾಗ ತಾಳ ಹಿಡಿದ ನಾನು ಮುಂದೆ ನುಗ್ಗುವುದು ಹೇಗೆ? ಪದದ ಅರ್ಥವನ್ನು ಬಾಯಿ ಹೇಳುವ ಮೊದಲು ಕೈ ಅರಿತಿರಬೇಕು. ತಾಳವನ್ನು ಒತ್ತಿ ಹಿಡಿದ ಆ ಒಂದು ಗಳಿಗೆಯಲ್ಲಿ ನಮ್ಮ ಊರಿನ ಹಿರಿಯರ ಕೈಗೆ ಅದು ತಿಳಿದಿತ್ತು.

ಈಗಲೂ ಭಜನೆಯಲ್ಲಿ ತಾಳ ಕೈಗೆ ಬಂದರೆ, ಬಾರಿಸುವ ಮೊದಲು ಹಾಡುವವರ ತುಟಿ ನೋಡುತ್ತೇನೆ.