ಮೌನವೆಲ್ಲ ವ್ರತವಲ್ಲ

ಮೌನವು ಶ್ರೇಷ್ಠ ವ್ರತವೆಂಬುದು ನಿಜ. ಆದರೆ ಮರೆಮಾಚುವ ಮೌನವೂ ವ್ರತವೇ ಎಂಬುದು ವಿಚಾರಣೀಯ. ಗೋಣಿಕೊಪ್ಪಲಿನಂತಹ ಚಿಕ್ಕ ಪಟ್ಟಣದಲ್ಲಿ ಮಾದಕವಸ್ತುವಿಗೆ ಮಗನನ್ನು ಕಳೆದುಕೊಂಡ ತಂದೆಯು ಮನೆತನದ ಮಾನಕ್ಕಂಜಿ, ‘ಜ್ವರ ಬಂದು ಹೋದ’ ಎಂದುಬಿಡಬಹುದು. ಆ ಮಾತು ಮೃತನ ಮಾನವನ್ನು ಕಾಯುವಂತೆ ತೋರಿದರೂ ನೆರೆಮನೆಯ ಮಗುವನ್ನು ಕಾಯಲಾರದು.

ಈ ಅಂಜಿಕೆಯನ್ನು ಮೀರಿದ ನಿದರ್ಶನವೊಂದು ದೂರದ ಇಂಗ್ಲೆಂಡಿನಲ್ಲುಂಟು. ಎಸೆಕ್ಸ್ ಪ್ರಾಂತದ ಲೀಯಾ ಬೆಟ್ಸ್ ಎಂಬ ತರುಣಿಯು ೧೯೯೫ರ ನವೆಂಬರಿನಲ್ಲಿ, ಮನೆಯಲ್ಲಿಯೇ ನಡೆದ ತನ್ನ ಹದಿನೆಂಟನೆಯ ಹುಟ್ಟುಹಬ್ಬದ ಕೂಟದಲ್ಲಿ ಎಕ್ಸ್‌ಟಸಿ ಎಂಬ ಮಾದಕ ಮಾತ್ರೆಯನ್ನು ಸೇವಿಸಿ, ಕೆಲವೇ ದಿನಗಳಲ್ಲಿ ಅಸುನೀಗಿದಳು. ತಂದೆ ಪಾಲ್ ಹಿಂದೆ ಪೊಲೀಸ್ ಸೇವೆಯಲ್ಲಿದ್ದವರು. ಅವರೂ ಮಲತಾಯಿ ಜ್ಯಾನೆಟ್ಟರೂ ಆಸ್ಪತ್ರೆಯಲ್ಲಿ ಪ್ರಜ್ಞಾಹೀನಳಾಗಿ ಮಲಗಿದ್ದ ಮಗಳ ಚಿತ್ರವನ್ನು ಪ್ರಕಟಿಸಲು ಒಪ್ಪಿದರು. ಬಳಿಕ ಶಾಲೆಗಳಿಗೆ ಹೋಗಿ ಮಕ್ಕಳನ್ನು ಎಚ್ಚರಿಸಿದರು.

ಮಾತ್ರೆಯೊಡನೆ ಅತಿಯಾಗಿ ಕುಡಿದ ನೀರೂ ಅವಳ ಮೆದುಳು ಊದಿಕೊಳ್ಳಲು ಕಾರಣವಾಗಿತ್ತೆಂದು ವೈದ್ಯರು ಕಂಡುಕೊಂಡರು. ಇಂತಹುದನ್ನೂ ಮುಚ್ಚಿಡದೆ ನುಡಿಯುವುದೇ ಸತ್ಯವ್ರತ. ಹೆದರಿಸಲೆಂದು ಅರ್ಧವನ್ನೇ ಹೇಳಿದರೆ, ಅದು ತಿಳಿದ ದಿನ ಮಕ್ಕಳು ಉಳಿದರ್ಧವನ್ನೂ ನಂಬರು.

ಶೋಕವು ತನ್ನ ಸುತ್ತಲೇ ಸುತ್ತುತ್ತಿದ್ದರೆ ಆರ್ತಧ್ಯಾನ. ಪರರ ಮಗುವಿನ ಕಡೆಗೆ ಹೊರಳಿದರೆ ಅನುಕಂಪೆ. ಹೋದ ಜೀವ ಮರಳಿ ಬಾರದು. ಆದರೂ ಸತ್ಯವನ್ನಾಡುವ ತಂದೆತಾಯಿಗಳ ಮಾತು, ಮಾತ್ರೆಗೆ ಕೈನೀಡಿದ ಇನ್ನೊಂದು ಮಗುವನ್ನು ತಡೆದೀತು.