ಬಲ್ಲವನ ಹೊಣೆ

ನಮ್ಮ ಮಠದ ಪ್ರಸಾದನಿಲಯದಲ್ಲಿ ಬೆಳೆದು ಇಂದು ಇಂಜಿನಿಯರರಾಗಿ, ಗುತ್ತಿಗೆದಾರರಾಗಿ ಕಾಯಕ ನಡೆಸುತ್ತಿರುವ ಓದುಗ ಬಂಧುಗಳು ಅನೇಕರುಂಟು. ಅವರ ಮುಂದೆ ಒಂದು ಪ್ರಶ್ನೆಯನ್ನಿಡಬಯಸುತ್ತೇವೆ. ಕೂಲಿಗೆ ಒಪ್ಪಿ ತಾನಾಗಿಯೇ ಪಾಯದ ಗುಂಡಿಗಿಳಿದವನು ಮಣ್ಣು ಕುಸಿದು ಮಡಿದರೆ, ಇಳಿಸಿದವನು ಅದಕ್ಕೆ ಹೊಣೆಯೇ? ‘ಅವನೇ ಒಪ್ಪಿ ಇಳಿದನಲ್ಲ’ ಎಂಬ ಸಮಾಧಾನವು ಬಹಳ ಹಳೆಯದು.

ಅರಿತು ಒಪ್ಪಿದುದು ಒಪ್ಪಿಗೆ. ಅರಿಯದೆ ತಲೆಯಾಡಿಸಿದುದು ಒಪ್ಪಿಗೆಯಲ್ಲ. ಒಂದು ಘನಮೀಟರ್ ಮಣ್ಣು ಸುಮಾರು ಒಂದೂವರೆ ಟನ್ ತೂಗುತ್ತದೆ. ಎದೆಮಟ್ಟ ಹೂತರೂ ಸಾಕು, ಉಸಿರೆಳೆಯಲು ಎದೆ ಹಿಗ್ಗಲಾರದು. ಅಗೆದ ಮಣ್ಣನ್ನು ಗುಂಡಿಯ ಅಂಚಿನಲ್ಲಿಯೇ ರಾಶಿ ಹಾಕಿದರೆ, ಮೇಲೆ ಮಳೆ ಬಂದರೆ, ನಿನ್ನೆ ನಿಂತಿದ್ದ ಮಗ್ಗುಲು ಇಂದು ನಿಲ್ಲುವುದಿಲ್ಲ. ಒಂದೂವರೆ ಮೀಟರಿಗಿಂತ ಆಳವಾದ ಮಣ್ಣಿನ ಕಂದಕಕ್ಕೆ ಆಸರೆ ಕೊಡಬೇಕೆಂದು ಭಾರತೀಯ ಮಾನಕವೇ ವಿಧಿಸಿದೆ. ಇಂಜಿನಿಯರನು ಇದನ್ನು ಬಲ್ಲನು. ಯಾದಗಿರಿ, ರಾಯಚೂರುಗಳಿಂದ ಬೆಂಗಳೂರಿಗೆ ಗುಳೆ ಬಂದವನು ಬಲ್ಲುದು ಮನೆಯ ಹಸಿವನ್ನು. ಇವರಿಬ್ಬರ ಒಪ್ಪಿಗೆಗೂ ಒಂದೇ ಬೆಲೆ ಕಟ್ಟುವುದು ನ್ಯಾಯವೆನಿಸದು.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಇನ್ನೂ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡವು ಕುಸಿದು 19 ಮಂದಿ ಪ್ರಾಣ ತೆತ್ತರು. ಅಂಥದನ್ನು ನಾಡೆಲ್ಲ ಕಾಣುತ್ತದೆ, ಮರುಗುತ್ತದೆ. ಕಲ್ಲು ಕೊಯ್ಯುವಾಗ ಏಳುವ ಸಿಲಿಕಾ ಧೂಳು ಮಾತ್ರ ಸದ್ದಿಲ್ಲದೆ ಶ್ವಾಸಕೋಶವನ್ನು ಸೇರಿ, ವರ್ಷಗಳ ತರುವಾಯ, ಅವನು ಊರಿಗೆ ಮರಳಿದ ಮೇಲೆ ಕೊಲ್ಲುತ್ತದೆ. ಮುಖಕ್ಕೆ ಸುತ್ತಿದ ವಸ್ತ್ರವು ಆ ಸೂಕ್ಷ್ಮ ಕಣಗಳನ್ನು ತಡೆಯದು. ಕೊಯ್ಯುವಲ್ಲಿ ನೀರು ಹಾಯಿಸಿದರೆ ಧೂಳು ಬಹುಮಟ್ಟಿಗೆ ಅಡಗುತ್ತದೆ. ಇಷ್ಟು ಸುಲಭವಾದುದನ್ನೂ ಹೇಳಿಕೊಡುವವರಿಲ್ಲವೆಂಬುದೇ ನಮ್ಮ ವ್ಯಥೆ.

ಕಾನೂನು ಇಲ್ಲವೆಂದಲ್ಲ. 500 ಕಾರ್ಮಿಕರಿರುವಲ್ಲಿ ಸುರಕ್ಷತಾ ಅಧಿಕಾರಿ ಇರಬೇಕೆಂದು 1996ರ ಕಾಯ್ದೆ ಹೇಳಿತು. 2020ರ ಸಂಹಿತೆಯು ಆ ಸಂಖ್ಯೆಯನ್ನು 250ಕ್ಕೆ ಇಳಿಸಿತು. ಆದರೆ ಎಂಟು ಜನ ದುಡಿಯುವ ಮನೆಯ ಕೆಲಸಕ್ಕೆ ಯಾವ ಅಧಿಕಾರಿಯೂ ಬಾರನು. ಅಲ್ಲಿ ನಿಲ್ಲುವವನು ಕಿರಿಯ ಇಂಜಿನಿಯರನೊಬ್ಬನೇ. ತೊಲೆಯ ಬಾಗನ್ನು ಲೆಕ್ಕಹಾಕಲು ಕಲಿಸಿದಷ್ಟು ಆಸ್ಥೆಯಿಂದ, ‘ಕೆಲಸ ನಿಲ್ಲಿಸಿರಿ’ ಎಂದು ನುಡಿಯಲು ಅವನಿಗೆ ನಾವು ಕಲಿಸಿದ್ದೇವೆಯೇ? ಸುರಕ್ಷತೆಯ ತರಬೇತಿಯೆಂದರೆ ಟೋಪಿ ತೊಡಿಸಿ ಸಹಿ ಹಾಕಿಸಿಕೊಳ್ಳುವುದಲ್ಲ; ಕೇಳುವವನ ಭಾಷೆಯಲ್ಲಿ, ಗುಂಡಿಯ ಪಕ್ಕದಲ್ಲಿ ನಿಂತು ತಿಳಿಹೇಳುವುದು.

‘ನಾನು ನಿಲ್ಲಿಸಿದರೆ ನನ್ನನ್ನು ಬಿಡಿಸಿ ಮತ್ತೊಬ್ಬನನ್ನು ತರುತ್ತಾರೆ, ಬುದ್ಧಿ’ ಎಂದು ತರುಣನೊಬ್ಬನು ನಮ್ಮಲ್ಲಿ ಹೇಳಿಕೊಂಡನು. ಅವನ ಮಾತು ಸುಳ್ಳಲ್ಲ. ಮತ್ತೊಬ್ಬನು ಮಾಡುವನೆಂಬ ಕಾರಣಕ್ಕೆ ತಪ್ಪು ಒಪ್ಪಾಗದು, ದಿಟ. ಆದರೆ ಇಡೀ ಭಾರವನ್ನು ಕೆಳಗಿನವನ ಹೆಗಲಿಗೆ ಹೇರುವುದೂ ಧರ್ಮವಲ್ಲ. ಕಟ್ಟಿಸುವವರು ನೀವು, ಮಠಗಳೂ ಶಾಲೆ, ಪ್ರಸಾದನಿಲಯಗಳನ್ನು ಕಟ್ಟಿಸುತ್ತವೆ. ಕರಾರು ಬರೆಯುವಾಗ ಗುಂಡಿಯ ಆಸರೆ, ಗಟ್ಟಿ ಸಾರುವೆ, ಸೊಂಟದ ಪಟ್ಟಿ, ತರಬೇತಿಯ ದಿನದ ಕೂಲಿ, ಇವನ್ನು ಪ್ರತ್ಯೇಕ ಬಾಬ್ತಾಗಿ ಬರೆಯಿಸಿರಿ. ಚೌಕಾಸಿ ಮಾಡುವುದಿದ್ದರೆ ಬಣ್ಣದ ಮೇಲೆ, ನೆಲದ ಹಾಸುಗಲ್ಲಿನ ಮೇಲೆ ಮಾಡಿಕೊಳ್ಳಿರಿ.