ಗೋಷ್ಠೀಗಾನ: ಏಕಾಂತದಿಂದ ಲೋಕಾಂತಕ್ಕೆ

ಇಂದ್ರಕೀಲಾದ್ರಿ ಎಂದೊಡನೆ ಕನ್ನಡಿಗರ ಮನಸ್ಸಿನಲ್ಲಿ ಮೂಡುವುದು ಅರ್ಜುನನ ತಪಸ್ಸಿನ ಚಿತ್ರ. ಪಾಶುಪತಾಸ್ತ್ರವನ್ನು ಪಡೆಯಲೆಂದು ಸಹೋದರರನ್ನೂ ದ್ರೌಪದಿಯನ್ನೂ ಅಗಲಿ ಏಕಾಕಿಯಾಗಿ ಬೆಟ್ಟವನ್ನೇರಿದ ಆ ವೀರನ ಕಥೆಯನ್ನು ಭಾರವಿ ಸಂಸ್ಕೃತದಲ್ಲಿ ಮಹಾಕಾವ್ಯವಾಗಿಸಿದನು. ಪಂಪನೂ ಕುಮಾರವ್ಯಾಸನೂ ತಮ್ಮ ಭಾರತಗಳ ಮೂಲಕ ಅದನ್ನು ನಮ್ಮ ನುಡಿಗೆ ತಂದರು. ಐಹೊಳೆಯ 634ರ ಶಾಸನದಲ್ಲಿ ಕವಿ ರವಿಕೀರ್ತಿಯು ಕಾಳಿದಾಸನೊಡನೆ ಭಾರವಿಯನ್ನೂ ಸ್ಮರಿಸಿದ್ದಾನೆ. ಪಂಪನ ಪೂರ್ವಿಕರಾದರೋ ಈ ವೆಂಗಿನಾಡಿನವರೇ. ಕಾವ್ಯಗಳ ಇಂದ್ರಕೀಲವು ಹಿಮಾಲಯದ ಕಡೆಯದೆಂದು ಪಂಡಿತರು ಹೇಳಬಹುದು. ಆದರೆ ವಿಜಯವಾಡದ ಜನತೆಗೆ ಕೃಷ್ಣಾನದಿಯ ದಡದಲ್ಲಿ ಕನಕದುರ್ಗೆಯೂ ಮಲ್ಲೇಶ್ವರನೂ ನೆಲೆಸಿರುವ ಬೆಟ್ಟವೇ ಅರ್ಜುನನು ತಪಗೈದ ಗಿರಿ. ಆ ನಂಬುಗೆಯನ್ನು ನಾವೂ ಗೌರವದಿಂದ ಒಪ್ಪಿಕೊಂಡು ಮುಂದುವರಿಯೋಣ.

ಶರನ್ನವರಾತ್ರಿಯ ದಿನಗಳಲ್ಲಿ ಅದೇ ಬೆಟ್ಟವನ್ನು ಕಂಡವರಿಗೆ ಒಂದು ಸೋಜಿಗ ತೋರದಿರದು. ಒಬ್ಬನೇ ಒಬ್ಬನು ಮೌನದಿಂದ ನಿಂತು ತಪಸ್ಸು ಮಾಡಿದನೆಂಬ ಸ್ಥಳದಲ್ಲಿ ಇಂದು ಲಕ್ಷಾಂತರ ಜನರು ನಾಮಸ್ಮರಣೆ ಮಾಡುತ್ತ ಮೆಟ್ಟಿಲೇರುತ್ತಾರೆ. ಮೂಲಾ ನಕ್ಷತ್ರದಂದು ದೇವಿಯು ಸರಸ್ವತಿಯ ಅಲಂಕಾರದಲ್ಲಿ ದರ್ಶನವೀಯುತ್ತಾಳೆ. ವಿಜಯದಶಮಿಯಂದು ಕೃಷ್ಣೆಯಲ್ಲಿ ಹಂಸವಾಹನದ ತೆಪ್ಪೋತ್ಸವ ಜರುಗುತ್ತದೆ. ಏಕಾಂತದ ತಪಸ್ಸು ಒಂದೆಡೆ, ಲೋಕಾಂತದ ಗಾನ ಮತ್ತೊಂದೆಡೆ. ಇವೆರಡರಲ್ಲಿ ಯಾವುದು ಶ್ರೇಯಸ್ಕರ? ವಯಸ್ಕರಾದವರು, ಸಂಸಾರ ಉದ್ಯೋಗಗಳ ಭಾರ ಹೊತ್ತವರು, ವಾರಕ್ಕೊಮ್ಮೆ ಕಲೆತು ಕೊರಳು ಕೂಡಿಸಿ ಹಾಡುವುದರಿಂದ ಅವರಿಗೇನು ಲಾಭ, ಸಮಾಜಕ್ಕೇನು ಲಾಭ? ಊರು ಬಿಟ್ಟು ಬಂದು ಮಹಾನಗರಗಳಲ್ಲಿ ನೆಲೆಸಿರುವ ನಮಗೆ ಈ ಪ್ರಶ್ನೆ ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲ.

ಅರ್ಜುನನು ಬೆಟ್ಟವನ್ನೇರಿದ್ದು ಅಸ್ತ್ರಕ್ಕಾಗಿ. ಶಕ್ತಿಯನ್ನು ಗಳಿಸಲು ಏಕಾಂತ ಬೇಕು. ವಿದ್ಯಾರ್ಥಿಗೆ, ಶಿಲ್ಪಿಗೆ, ಸಾಧಕನಿಗೆ ಏಕಾಂತವಿಲ್ಲದೆ ಸಿದ್ಧಿಯಿಲ್ಲ. ಆದರೆ ಅಸ್ತ್ರ ದೊರೆತ ಮೇಲೆ ಅವನು ಬೆಟ್ಟದಲ್ಲಿಯೇ ಉಳಿಯಲಿಲ್ಲ. ತನಗಾಗಿ ಕಾದಿದ್ದವರ ಬಳಿಗೆ ಮರಳಿದನು. ತಪಸ್ಸಿನ ಫಲವು ಸಾರ್ಥಕವಾದದ್ದು ಆ ಮರಳುವಿಕೆಯಲ್ಲಿ. ನಗರವಾಸಿಗೆ ಏಕಾಂತದ ಕೊರತೆಯಿಲ್ಲ. ಅವನಿಗೆ ಬೇಡದಷ್ಟು ಏಕಾಂತ ದಿನವೂ ಒದಗುತ್ತಿದೆ. ವಿಶಾಖಪಟ್ಟಣದ ಬಂದರಿಗೋ, ನೌಕಾದಳಕ್ಕೋ, ಉಕ್ಕಿನ ಕಾರ್ಖಾನೆಗೋ ಕೆಲಸಕ್ಕೆ ಬಂದ ತರುಣನನ್ನು ನೆನೆಯಿರಿ. ನಿವೃತ್ತಿಯ ಬಳಿಕ ಮಗನ ಮನೆಯಲ್ಲಿರಲೆಂದು ಊರಿನಿಂದ ಬಂದ ತಾಯಿಯನ್ನು ನೆನೆಯಿರಿ. ಮಗ ಸೊಸೆ ಕೆಲಸಕ್ಕೂ ಮೊಮ್ಮಕ್ಕಳು ಶಾಲೆಗೂ ಹೊರಟ ಮೇಲೆ ಆಕೆಯ ಮಾತೃಭಾಷೆಯನ್ನಾಡುವ ಇನ್ನೊಂದು ಜೀವ ಆ ಬೀದಿಯಲ್ಲಿಲ್ಲ. ಆಕೆಗೆ ನೂರು ದೇವರನಾಮಗಳು ಬಾಯಿಪಾಠವಾಗಿರಬಹುದು, ಹಾಡಲು ಜೊತೆಯಿಲ್ಲ. ಈ ಏಕಾಂತವು ತಪಸ್ಸಲ್ಲ, ವನವಾಸ.

ಇಂತಹವರನ್ನು ಕೂಡಿಸುವ ಉಪಾಯವನ್ನು ನಮ್ಮ ಹಿರಿಯರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಹಳ್ಳಿಗಳ ಭಜನಾಮಂದಿರಗಳಲ್ಲಿ, ಉತ್ತರ ಕರ್ನಾಟಕದ ಮಠಗಳಲ್ಲಿ ದಮ್ಮಡಿ ಏಕತಾರಿಗಳೊಡನೆ ರಾತ್ರಿಯೆಲ್ಲ ನಡೆಯುವ ತತ್ತ್ವಪದಗಳ ಗಾಯನದಲ್ಲಿ, ಆಂಧ್ರದ ರಾಮಮಂದಿರಗಳ ಭಜನೆಗಳಲ್ಲಿ ಒಂದೇ ಕ್ರಮವನ್ನು ಕಾಣುತ್ತೇವೆ. ಒಬ್ಬರು ಒಂದು ಸಾಲನ್ನು ಎತ್ತಿಕೊಡುತ್ತಾರೆ. ಉಳಿದವರು ಅದನ್ನು ಕೇಳಿ ಒಟ್ಟಾಗಿ ಹಿಂದಿರುಗಿಸುತ್ತಾರೆ. ಓದು ಬರಹ ಬಾರದವನೂ ಇಲ್ಲಿ ಪಾಲುಗೊಳ್ಳಬಲ್ಲನು. ಭಾಗವತದ ನವವಿಧ ಭಕ್ತಿಗಳಲ್ಲಿ ಶ್ರವಣವು ಮೊದಲನೆಯದು, ಕೀರ್ತನವು ಎರಡನೆಯದು ಎಂಬ ಕ್ರಮವು ಗೋಷ್ಠಿಯಲ್ಲಿ ಪ್ರತಿಯೊಂದು ಸಾಲಿಗೂ ಆಚರಣೆಗೆ ಬರುತ್ತದೆ. ಕೇಳದವನು ಹಾಡಲಾರನು. ಪಕ್ಕದವನ ಶ್ರುತಿ ಕೇಳಿಸದಷ್ಟು ಗಟ್ಟಿಯಾಗಿ ಕೂಗುವವನು ಎಷ್ಟೇ ಇಂಪಾದ ಕಂಠದವನಾದರೂ ಗೋಷ್ಠಿಗೆ ಹೊರಗಿನವನೇ ಸರಿ. ತನ್ನ ದನಿಯನ್ನು ಕಳೆದುಕೊಳ್ಳದೆ ತಗ್ಗಿಸುವ ಈ ಅಭ್ಯಾಸವು ಬೇರೆಲ್ಲಿ ದೊರೆತೀತು? ಸಭೆಯಲ್ಲಿ, ಕಛೇರಿಯಲ್ಲಿ, ಮನೆಯಲ್ಲಿಯೂ ನಾವು ಗೆಲ್ಲುವುದಕ್ಕಾಗಿಯೇ ಮಾತನಾಡುತ್ತೇವೆ. ಹಾಡಿನ ಹೊತ್ತಿನಲ್ಲಿ ಮಾತ್ರ ಕೂಡುವುದಕ್ಕಾಗಿ ದನಿ ತೆರೆಯುತ್ತೇವೆ.

ಹಿರಿಯರು ಅನುಭವದಿಂದ ಅರಿತದ್ದನ್ನು ವಿಜ್ಞಾನಿಗಳು ಈಗ ಅಳತೆಗೆ ಒಳಪಡಿಸಿದ್ದಾರೆ. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಒಟ್ಟಾಗಿ ಹಾಡುವವರ ಉಸಿರಾಟವು ಹಾಡಿನ ಸಾಲುಗಳನ್ನು ಅನುಸರಿಸುತ್ತದೆ. ಉಸಿರನ್ನು ಅನುಸರಿಸಿ ಅವರ ಹೃದಯಬಡಿತದ ಏರಿಳಿತಗಳೂ ಒಂದೇ ಲಯಕ್ಕೆ ಬರುತ್ತವೆ. ಸಾಲು ಮುಗಿಯುವವರೆಗೆ ಉಸಿರನ್ನು ನಿಧಾನವಾಗಿ ಬಿಡಬೇಕಾದ್ದರಿಂದ ಪ್ರಾಣಾಯಾಮದ ಗುಣವು ಹಾಡುವವನಿಗೆ ತಾನಾಗಿ ಬರುತ್ತದೆ.

ಆಕ್ಸ್‌ಫರ್ಡಿನ ವಿದ್ವಾಂಸರು 2015ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನವು ಮತ್ತೂ ವಿಚಾರಾರ್ಹವಾದುದು. ವಯಸ್ಕರ ಶಿಕ್ಷಣ ತರಗತಿಗಳಲ್ಲಿ ಹಾಡನ್ನು ಕಲಿಯುವವರನ್ನೂ, ಕರಕುಶಲ ಕಲೆ ಅಥವಾ ಕಥಾರಚನೆಯನ್ನು ಕಲಿಯುವವರನ್ನೂ ಅವರು ಏಳು ತಿಂಗಳು ಗಮನಿಸಿದರು. ಕೊನೆಗೆ ಎಲ್ಲ ತರಗತಿಗಳಲ್ಲಿಯೂ ಸ್ನೇಹವು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬೆಳೆದಿತ್ತು. ಆದರೆ ಹಾಡುವವರಲ್ಲಿ ಅದು ಮೊದಲ ತಿಂಗಳಿನಲ್ಲಿಯೇ ಬೇಗನೆ ಕುದುರಿತ್ತು. ಒಬ್ಬರ ಕಥೆ ಇನ್ನೊಬ್ಬರಿಗೆ ತಿಳಿಯುವ ಮೊದಲೇ ಅವರು ಒಬ್ಬರಿಗೊಬ್ಬರು ಹತ್ತಿರವಾಗಿದ್ದರು. ಹೊಸ ಊರಿಗೆ ಬಂದವನಿಗೆ ಆ ಮೊದಲ ತಿಂಗಳ ಬೆಲೆ ಎಷ್ಟೆಂಬುದನ್ನು ನಮ್ಮ ಸಂಘದವರಿಗೆ ವಿವರಿಸಬೇಕಾಗಿಲ್ಲ.

ಲಾಭವನ್ನು ಹೇಳುವಾಗ ಉತ್ಪ್ರೇಕ್ಷೆಗೆ ಎಡೆಗೊಡಬಾರದು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಹಿರಿಯ ನಾಗರಿಕರ 12 ಕೇಂದ್ರಗಳಲ್ಲಿ 390 ವೃದ್ಧರನ್ನು ಒಳಗೊಂಡ ಅಧ್ಯಯನದ ಫಲಿತಾಂಶ 2018ರಲ್ಲಿ ಹೊರಬಂದಿತು. ಗಾಯನಗೋಷ್ಠಿಗೆ ಸೇರಿದವರಲ್ಲಿ ಒಂಟಿತನದ ಭಾವನೆ ತಗ್ಗಿತ್ತು, ಬದುಕಿನಲ್ಲಿ ಆಸಕ್ತಿ ಹೆಚ್ಚಿತ್ತು. ಆದರೆ ನೆನಪಿನ ಶಕ್ತಿ, ದೇಹದ ಬಲ ಮೊದಲಾದವುಗಳಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಗಾಯನವು ಸರ್ವರೋಗ ನಿವಾರಕ ಔಷಧವಲ್ಲ. ಔಷಧಕ್ಕೆ ಎಟುಕದ ಒಂದು ನೋವಿಗೆ ಮಾತ್ರ ಅದು ನಿಜವಾದ ಉಪಶಮನ.

ಇಲ್ಲಿ ಆಸ್ತಿಕರಾದ ಕೆಲವರು ಒಂದು ಆಕ್ಷೇಪವನ್ನೆತ್ತಬಹುದು. ದೇವರ ನಾಮವನ್ನು ಹಾಡುವುದು ದೇವರಿಗಾಗಿಯಲ್ಲವೆ? ಅದರಿಂದ ಸ್ನೇಹ ಬೆಳೆಯಿತು, ಮನಸ್ಸು ಹಗುರವಾಯಿತು ಎಂದು ಲೆಕ್ಕ ಹಾಕುವುದು ಭಕ್ತಿಗೆ ಕುಂದಲ್ಲವೆ? ಆಕ್ಷೇಪದಲ್ಲಿ ಹುರುಳಿದೆ. ಲಾಭಕ್ಕಾಗಿಯೇ ಹಾಡಲು ಕುಳಿತವನು ಹಾಡಿನೊಳಗೆ ಇಳಿಯಲಾರನು. ಅವನ ಗಮನವೆಲ್ಲ ತನಗೆಷ್ಟು ಸಂದಿತೆಂಬುದರ ಮೇಲೆಯೇ ಇರುತ್ತದೆ. ಆದರೆ ದೇವರ ಮುಂದೆ ಹಚ್ಚಿಟ್ಟ ನಂದಾದೀಪವು ಗರ್ಭಗುಡಿಯ ಬಾಗಿಲಲ್ಲಿ ನಿಂತವನ ಮುಖವನ್ನೂ ಬೆಳಗುತ್ತದೆ. ಹಾಗೆ ಬೆಳಗಿದುದರಿಂದ ದೇವರಿಗೆ ಸಲ್ಲಬೇಕಾದ ಬೆಳಕು ಕಡಿಮೆಯಾಗುವುದಿಲ್ಲ. ಗೀತೆಯು ಲೋಕಸಂಗ್ರಹವೆಂದು ಕರೆಯುವುದು ಕರ್ಮದ ಇಂತಹ ಗುಣವನ್ನೇ ಎಂದು ಭಾವಿಸಲು ಅಡ್ಡಿಯಿಲ್ಲ.

ಎರಡನೆಯ ಆಕ್ಷೇಪವು ವಿನಯದ ರೂಪದಲ್ಲಿ ಬರುತ್ತದೆ: "ನನಗೆ ಕಂಠವಿಲ್ಲ, ನೀವು ಹಾಡಿ, ನಾನು ಕೇಳುತ್ತೇನೆ." ನಮ್ಮ ಸಮಾರಂಭಗಳಲ್ಲಿ ಹತ್ತರಲ್ಲಿ ಎಂಟು ಮಂದಿ ಆಡುವ ಮಾತಿದು. ಕಛೇರಿಯ ಸಂಗೀತವು ಬೆಳೆದಂತೆ ಹಾಡುವವರು ಕೆಲವರು, ಕೇಳುವವರು ಹಲವರು ಎಂಬ ವಿಭಾಗವು ಗಟ್ಟಿಯಾಯಿತು; ಧ್ವನಿವರ್ಧಕವು ಬಂದ ಮೇಲೆ ಒಬ್ಬರ ದನಿಯೇ ಎಲ್ಲರ ದನಿಯನ್ನೂ ನುಂಗುವಂತಾಯಿತು. ಆದರೆ ಕರ್ನಾಟಕ ಸಂಗೀತದ ಪಿತಾಮಹರೆನಿಸಿದ ಪುರಂದರದಾಸರು ಮಾಯಾಮಾಳವಗೌಳ ರಾಗದಲ್ಲಿ ಸರಳೆ, ಜಂಟಿವರಸೆಗಳ ಪಾಠಕ್ರಮವನ್ನು ಹಾಕಿಕೊಟ್ಟರೆಂಬುದು ನಮ್ಮ ಸಂಪ್ರದಾಯದ ನಂಬಿಕೆ. ಏನೂ ಬಾರದವನು ಹೆಜ್ಜೆಹೆಜ್ಜೆಯಾಗಿ ಬರಲೆಂಬುದೇ ಆ ಕ್ರಮದ ಉದ್ದೇಶ. ಮಹಾವಿದ್ವಾಂಸರಿಗೂ ಸವಾಲಾಗುವ ಪಂಚರತ್ನಗಳನ್ನು ರಚಿಸಿದ ತ್ಯಾಗರಾಜರು, ಭಜನೆಯಲ್ಲಿ ಯಾರೂ ಹಾಡಬಲ್ಲ ಸರಳವಾದ ದಿವ್ಯನಾಮ ಕೀರ್ತನೆಗಳನ್ನೂ ರಚಿಸಿದರು.

ತ್ಯಾಗರಾಜರ ಹೆಸರು ಬಂದ ಮೇಲೆ ಕನ್ನಡನಾಡಿನ ಒಬ್ಬ ಮಹಿಳೆಯನ್ನು ನೆನೆಯದಿರುವುದು ಸಲ್ಲದು. 1878ರಲ್ಲಿ ನಂಜನಗೂಡಿನಲ್ಲಿ ಜನಿಸಿದ ಬೆಂಗಳೂರು ನಾಗರತ್ನಮ್ಮನವರು ದೇವದಾಸಿ ಕುಲದ ವಿದುಷಿ, ತೆಲುಗಿನಲ್ಲಿಯೂ ಪಾಂಡಿತ್ಯವುಳ್ಳವರು. ತಮ್ಮ ಸಂಪಾದನೆಯನ್ನು ಸುರಿದು ತಮಿಳುನಾಡಿನ ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದರು. 1925ರಲ್ಲಿ ಅದು ಪೂರ್ಣಗೊಂಡಿತು. ಆದರೆ ಅಂದಿನ ಆರಾಧನೋತ್ಸವದಲ್ಲಿ ಸ್ತ್ರೀಯರಿಗೆ ಹಾಡುವ ಅವಕಾಶವಿರಲಿಲ್ಲ. ಗುಡಿ ಕಟ್ಟಿಸಿದಾಕೆಗೇ ಅಲ್ಲಿ ದನಿಯೆತ್ತುವ ಹಕ್ಕಿಲ್ಲ! ಆಕೆ ಸ್ತ್ರೀಯರದೇ ಗೋಷ್ಠಿಯನ್ನು ಕಟ್ಟಿ ಹಾಡಿಸಿದರು. ಮುಂದೆ 1940ರ ಸುಮಾರಿಗೆ ಭಿನ್ನ ಬಣಗಳು ಒಂದಾದವು. ಇಂದು ಪುಷ್ಯ ಬಹುಳ ಪಂಚಮಿಯಂದು ಕಾವೇರಿಯ ದಡದಲ್ಲಿ ಸ್ತ್ರೀಪುರುಷರು, ಹಿರಿಯ ವಿದ್ವಾಂಸರು, ಕಲಿಯುವ ಮಕ್ಕಳು ಒಟ್ಟಿಗೆ ಕುಳಿತು ಪಂಚರತ್ನಗಳನ್ನು ಹಾಡುವುದನ್ನು ಕಾಣುವಾಗ, ಆ ಐಕ್ಯವು ತಾನಾಗಿ ಬಂದುದಲ್ಲ, ಬಾಗಿಲ ಹೊರಗೆ ನಿಂತವರು ಹೋರಾಡಿ ಗಳಿಸಿದ್ದು ಎಂಬುದನ್ನು ಮರೆಯಬಾರದು. ಆಂಧ್ರದ ನುಡಿ, ತಮಿಳುನಾಡಿನ ನೆಲ, ಕನ್ನಡನಾಡಿನ ಹೆಣ್ಣುಮಗಳು: ಗೋಷ್ಠೀಗಾನದ ಅರ್ಥಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ದುರ್ಲಭ.

ನೈತಿಕ ಪ್ರಶ್ನೆಯು ನಮ್ಮನ್ನು ತಟ್ಟುವುದು ಇಲ್ಲಿಯೇ. ನಮ್ಮ ಭಜನೆಯಲ್ಲಿ ಯಾರ ದನಿ ಇಲ್ಲ? ಅಡಿಗೆಮನೆಯಲ್ಲಿ ಪ್ರಸಾದ ಸಿದ್ಧಪಡಿಸುತ್ತ ಮಂಗಳಾರತಿಯ ಹೊತ್ತಿಗಷ್ಟೇ ಹೊರಬರುವ ಗೃಹಿಣಿಯದೆ? ಬಾಗಿಲ ಬಳಿ ನಿಂತು ಚಪ್ಪಲಿ ಕಾಯುವವನದೆ? ಉಚ್ಚಾರ ತಪ್ಪಿದರೆ ನಗುವರೆಂದು ಬಾಯಿ ಬಿಡದ ಹುಡುಗನದೆ? ಐಕ್ಯವನ್ನು ಹಾಡಿ, ಹಾಡು ಮುಗಿದೊಡನೆ ಮೊದಲಿನಂತೆ ಪಂಕ್ತಿಭೇದ ಮಾಡುವುದಾದರೆ ಹಾಡಿದ್ದೇನು ಸಾರ್ಥಕ? ಜನಸಮೂಹವು ಒಂದೇ ದನಿಯಲ್ಲಿ ಕೂಗುವುದೆಲ್ಲವೂ ಸತ್ಕಾರ್ಯವಲ್ಲ. ದ್ವೇಷದ ಘೋಷಣೆಗೂ ಲಯವಿರುತ್ತದೆ, ಅದೂ ಉಸಿರನ್ನು ಒಂದಾಗಿಸುತ್ತದೆ. ಆದ್ದರಿಂದ ಗೋಷ್ಠಿಯನ್ನು ಅಳೆಯಬೇಕಾದುದು ಅದರ ಗಾತ್ರದಿಂದಲ್ಲ, ಅದು ಯಾರನ್ನು ಒಳಗೆ ಕರೆದುಕೊಂಡಿತೆಂಬುದರಿಂದ. 2022ರ ಅಕ್ಟೋಬರ್ 28ರಂದು ಕರ್ನಾಟಕದಲ್ಲಿ ನಡೆದ ಕೋಟಿ ಕಂಠ ಗಾಯನವು ಕನ್ನಡಿಗರಿಗೆ ಹೆಮ್ಮೆಯ ಸಂಗತಿಯೇ. ಆದರೆ ವರ್ಷಕ್ಕೊಮ್ಮೆಯ ಕೋಟಿ ಕಂಠಕ್ಕಿಂತ ವಾರಕ್ಕೊಮ್ಮೆಯ ಹದಿನೈದು ಕಂಠಗಳು ಒಂದು ಕೆಲಸವನ್ನು ಉತ್ತಮವಾಗಿ ಮಾಡಬಲ್ಲವು: ಹದಿನಾರನೆಯವರು ಈ ವಾರ ಏಕೆ ಬರಲಿಲ್ಲವೆಂದು ವಿಚಾರಿಸಬಲ್ಲವು.

ಒಟ್ಟಿಗೆ ಹಾಡುವುದೆಂದರೆ ಉಸಿರನ್ನು ಹಂಚಿಕೊಳ್ಳುವುದು. ಅದರ ಹೊಣೆಯನ್ನು ಲೋಕವು 2020ರಲ್ಲಿ ಕಠಿಣವಾಗಿ ಕಲಿಯಿತು. ಆ ವರ್ಷದ ಮಾರ್ಚ್ ತಿಂಗಳಿನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಎಂಬಲ್ಲಿ ಗಾಯಕವೃಂದವೊಂದರ ಒಂದು ಸಂಜೆಯ ಅಭ್ಯಾಸಕ್ಕೆ ಸೇರಿದ್ದ 61 ಮಂದಿಯಲ್ಲಿ 53 ಮಂದಿ ಕೊರೋನಾ ಸೋಂಕಿಗೆ ಒಳಗಾದರೆಂದು ಎಣಿಸಲಾಯಿತು, ಇಬ್ಬರು ಅಸುನೀಗಿದರು. ಆ ಬಳಿಕ ಲೋಕದಾದ್ಯಂತ ಗೋಷ್ಠಿಗಳು ಮೌನವಾದವು. ನಮ್ಮ ಭಜನಾಮಂಡಳಿಗಳೂ ದೂರವಾಣಿಯ ಪರದೆಯ ಮುಂದೆ ಒಬ್ಬೊಬ್ಬರೇ ಕುಳಿತು ಹಾಡಲು ಯತ್ನಿಸಿ, ತಾಳ ಹೊಂದದೆ ಸೋತವು. ಜೊತೆಯಲ್ಲಿ ಕುಳಿತು ಹಾಡುವುದು ಎಂತಹ ಭಾಗ್ಯವೆಂಬುದು ಅದಿಲ್ಲದ ದಿನಗಳಲ್ಲಿ ತಿಳಿಯಿತು. ಸಹಗಾಯಕರ ಕ್ಷೇಮಕ್ಕಾಗಿ ಮೌನವಾಗಿರುವುದೂ ಗೋಷ್ಠಿಯ ಧರ್ಮವೆಂಬುದೂ ತಿಳಿಯಿತು.

ಹಾಗಾದರೆ ನಾವು ಮಾಡಬೇಕಾದುದೇನು? ದೊಡ್ಡ ಯೋಜನೆಗಳೇನೂ ಬೇಕಿಲ್ಲ. ವಾರಕ್ಕೊಂದು ಗಂಟೆ, ಒಂದು ಶ್ರುತಿಪೆಟ್ಟಿಗೆ, ಒಂದು ಜೊತೆ ತಾಳ, ಸರದಿಯ ಪ್ರಕಾರ ಒಬ್ಬೊಬ್ಬರ ಮನೆ, ಇಷ್ಟೇ ಸಾಕು. ಧ್ವನಿವರ್ಧಕ ಬೇಡ. ಸಾಲನ್ನು ಎತ್ತಿಕೊಡುವ ಹೊಣೆ ಪ್ರತಿ ವಾರವೂ ಬದಲಾಗಲಿ. ಹಿಂಜರಿಯುವವರಿಗೆ ಚಿಕ್ಕ ಹಾಡೊಂದನ್ನು ವಹಿಸಲಿ. ಪ್ರಸಾದವನ್ನು ಭಜನೆ ಮುಗಿದ ಮೇಲೆ ಎಲ್ಲರೂ ಕೂಡಿ ಬಡಿಸಲಿ, ಗೃಹಿಣಿಯೂ ಹಾಡಲು ಕುಳಿತುಕೊಳ್ಳಲಿ. ಕನ್ನಡ ಓದಲಾರದೆ ತೆಲುಗು ಬಲ್ಲ ಮಕ್ಕಳಿಗೆ ದೇವರನಾಮಗಳನ್ನು ತೆಲುಗು ಲಿಪಿಯಲ್ಲಿ ಬರೆದುಕೊಡಲು ಸಂಕೋಚವೇಕೆ? ಎರಡೂ ಲಿಪಿಗಳು ಒಂದೇ ತಾಯಿಯ ಮಕ್ಕಳು. ನೆರೆಮನೆಯ ತೆಲುಗರನ್ನೂ ಕರೆಯೋಣ. ಅವರು ಅನ್ನಮಾಚಾರ್ಯರ ಒಂದು ಸಂಕೀರ್ತನೆಯನ್ನು ಎತ್ತಿಕೊಡಲಿ, ನಾವು ಹಿಂದಿರುಗಿಸೋಣ. ಊರಿನಿಂದ ಬಂದ ಆ ತಾಯಿಯನ್ನು ಮೊದಲ ಸಾಲಿನಲ್ಲಿ ಕುಳ್ಳಿರಿಸೋಣ. ನಮ್ಮಲ್ಲಿ ಯಾರಿಗೂ ತಿಳಿಯದ ಹಾಡುಗಳು ಆಕೆಯಲ್ಲಿವೆ.

ಹಂಪಿಯಲ್ಲಿ ಪುರಂದರ ಮಂಟಪದ ಬದಿಯಲ್ಲಿ ಹರಿಯುವ ತುಂಗಭದ್ರೆಯು ಶ್ರೀಶೈಲಕ್ಕೆ ಮೇಲೆ ಸಂಗಮೇಶ್ವರದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಮಲಪ್ರಭೆಯನ್ನು ಕೂಡಲಸಂಗಮದಲ್ಲಿ ಅದಾಗಲೇ ಕೂಡಿಕೊಂಡು ಬಂದ ಕೃಷ್ಣೆಯದು. ಹೀಗೆ ದಾಸರ ನೀರೂ ಶರಣರ ನೀರೂ ಒಂದಾಗಿ ಇಂದ್ರಕೀಲಾದ್ರಿಯ ಪಾದವನ್ನು ತೊಳೆದು ಸಾಗರದತ್ತ ನಡೆಯುತ್ತವೆ. ಊರು ಬಿಟ್ಟು ಬಂದ ನಮಗಿಂತ ಮೊದಲೇ ನಮ್ಮ ಹೊಳೆಗಳು ಇಲ್ಲಿಗೆ ಬಂದು ಕೂಡಿ ಬಾಳುವುದನ್ನು ಕಲಿತಿವೆ. ಈ ನವರಾತ್ರಿಯಲ್ಲಿ ಸರಸ್ವತೀ ರೂಪಿಣಿಯಾದ ಜಗನ್ಮಾತೆಯು ನಮಗೆ ಇಂಪಾದ ಕಂಠವನ್ನು ಕೊಡಲಿ, ಕೊಡದಿರಲಿ. ಪಕ್ಕದವರ ದನಿಯನ್ನು ಕೇಳುವ ಕಿವಿಯನ್ನು ಕರುಣಿಸಲೆಂದು ಪ್ರಾರ್ಥಿಸೋಣ.